ಲಗಾಮು ಹಗ್ಗ

ನಮ್ಮ ಮನೆಯ ಮುಂದೆ ಎರಡು ವರ್ಷ ಒಂದು ದೋಣಿ ಕವುಚಿಕೊಂಡು ಬಿದ್ದಿತ್ತು. ಸಮುದ್ರ ನೋಡಬೇಕೆಂದರೆ ಬಂಗಾರಪೇಟೆಗೆ ಹೋಗಿ ಮದರಾಸಿನ ರೈಲು ಹತ್ತಬೇಕಾದ ಊರು ನಮ್ಮದು. ಅಲ್ಲಿ, ಚಿನ್ನದ ಗಣಿಯ ಕೂಲಿಕಾರರ ಸಾಲುಮನೆಗಳ ಲೈನಿನಲ್ಲಿ, ತಗಡಿನ ಸೂರಿನ ಮನೆಯೆದುರಿಗೆ ಹನ್ನೊಂದು ಅಡಿ ಉದ್ದದ ದೋಣಿ! ನೀವೂ ಬೇಕಾದರೆ ನಗಿ, ಇಡೀ ಲೈನೇ ನಕ್ಕಿತ್ತು. ಕೋಳಿಗಳು ಅದರಡಿಯಲ್ಲಿ ಮೊಟ್ಟೆಯಿಡುತ್ತಿದ್ದವು. ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ಅದರ ಬೆನ್ನಿನ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಒಣಗಿಸುತ್ತಿದ್ದಳು. ನಾನು ಶಾಲೆಯಿಂದ ಬಂದವಳೇ ಅದನ್ನು ಹತ್ತಿ ಕೂತು ಕಾಲಾಡಿಸುತ್ತಾ ಮಗ್ಗಿ ಒಪ್ಪಿಸುತ್ತಿದ್ದೆ. ಆಷಾಢದ ಗಾಳಿಗೆ, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ಗುಡ್ಡದ ಬಿಳಿ ಧೂಳು ಹಾರಿ ಬಂದು ಮನೆಯೊಳಗಿನ ಅನ್ನದ ಮೇಲೂ ಕೂರುತ್ತಿತ್ತು, ದೋಣಿಯ ಮೇಲೂ ಕೂರುತ್ತಿತ್ತು. ಅಮ್ಮ ಅನ್ನದ ಪಾತ್ರೆಗೆ ತಟ್ಟೆ ಮುಚ್ಚುತ್ತಿದ್ದಳು, ಅಪ್ಪ ದೋಣಿಯನ್ನು ಟವೆಲಿನಲ್ಲಿ ಒರೆಸುತ್ತಿದ್ದ. ಪೋಸ್ಟಿನವನ ಬಾಯಲ್ಲಿ ನಮ್ಮದು ಬೋಟು ಮನೆ. ಆಮೇಲೆ ಎಲ್ಲರ ಬಾಯಲ್ಲೂ ಅದೇ ನಿಂತುಬಿಟ್ಟಿತು.

ದೋಣಿ ಬಂದ ಕಥೆ ಸಣ್ಣದು. ಗಣಿಯಲ್ಲಿ ದೊಡ್ಡ ಕೆಲಸದಲ್ಲಿದ್ದ ಬಿಳಿಯ ದೊರೆಯೊಬ್ಬ ಭಾನುವಾರ ಬಂತೆಂದರೆ ಬೇತಮಂಗಲದ ಕೆರೆಗೆ ಹೋಗಿ ಹಾಯಿದೋಣಿ ಓಡಿಸುತ್ತಿದ್ದ. ಅದರ ತಂತಿ ಸವೆದರೆ, ಹಗ್ಗ ಹರಿದರೆ ಅಪ್ಪನಿಗೆ ಕರೆ ಬರುತ್ತಿತ್ತು. ಯಾಕೆಂದರೆ ಅಪ್ಪ ಗಣಿಯಲ್ಲಿ ಹಗ್ಗದ ಕೆಲಸದವನು. ಆಳಕ್ಕೆ ಜನರ ಕೇಜು, ಆ ಕಬ್ಬಿಣದ ಪಂಜರ, ಇಳಿಸುವ ಉಕ್ಕಿನ ಹಗ್ಗವನ್ನು ಅಂಗುಲ ಅಂಗುಲ ತಡವಿ ನೋಡುವುದು, ಗ್ರೀಸು ಹಚ್ಚುವುದು, ಒಂದೇ ಒಂದು ಎಳೆ ಮುರಿದಿದ್ದರೂ ಹುಡುಕಿ ತೆಗೆಯುವುದು, ತುದಿಯ ಎಳೆಗಳನ್ನು ಬಿಡಿಸಿ ಒಂದರೊಳಗೊಂದು ಹೆಣೆದು ಕೊಂಡಿ ಮಾಡುವುದು ಅವನ ಕಸುಬು. ದೊರೆ ದೇಶ ಬಿಟ್ಟು ಹೊರಟಾಗ ಬಂಗಲೆಯ ಅಡುಗೆಯವನಿಗೆ ಮಂಚ ಸಿಕ್ಕಿತು, ಮಾಲಿಗೆ ಗಡಿಯಾರ ಸಿಕ್ಕಿತು. ನಿನಗೇನು ಬೇಕು ಎಂದು ಕೇಳಿದಾಗ ನಮ್ಮಪ್ಪನೆಂಬ ಮಹಾನುಭಾವ ಶೆಡ್ಡಿನ ಮೂಲೆಯಲ್ಲಿ ಕಂಬ ಮುರಿದು ಬಿದ್ದಿದ್ದ ಸಣ್ಣ ದೋಣಿಯ ಕಡೆ ಕೈ ತೋರಿಸಿದ. ಅಮ್ಮ ಆ ಮಂಚದ ವಿಷಯವನ್ನು ಬದುಕಿರುವವರೆಗೂ ಮರೆಯಲಿಲ್ಲ.

ಅಪ್ಪನ ಎಡಗೈಯ ಎರಡು ಬೆರಳು ನಾನು ಹುಟ್ಟುವ ಮೊದಲೇ ಯಾವುದೋ ಹಗ್ಗದ ಪಾಲಾಗಿದ್ದವು. ಆದರೂ ಅವನು ಹಾಕಿದ ಗಂಟನ್ನು ಯಮ ಬಂದರೂ ಬಿಚ್ಚಲಾರ ಎಂದು ಅಜ್ಜಿ ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ಬಿಡಿಯಾಗಿ ನೇತಾಡುವ ದಾರವೊಂದು ಇರಲಿಲ್ಲ. ಬಟ್ಟೆ ಒಣಗಿಸುವ ತಂತಿ, ಮೇಕೆಯ ಹಗ್ಗ, ಉಪ್ಪಿನಕಾಯಿ ಜಾಡಿಯ ಬಾಯಿಬಟ್ಟೆ, ಎಲ್ಲವೂ ಬಿಗಿ. ಅಮ್ಮನಿಗೆ ಜ್ವರ ಬಂದ ದಿನ ನನಗೆ ಜಡೆ ಹಾಕುವ ಸರದಿ ಅಪ್ಪನದು; ಅವತ್ತೆಲ್ಲ ನನ್ನ ಹುಬ್ಬು ಮೇಲಕ್ಕೆ ಏರಿರುತ್ತಿತ್ತು, ಟೀಚರು "ಏನೇ ಹಾಗೆ ನೋಡ್ತೀಯ" ಎಂದು ಗದರಿಸುತ್ತಿದ್ದರು. ಅಳುತ್ತಾ ಮನೆಗೆ ಬಂದರೆ ಅಪ್ಪ ಮಾಡುತ್ತಿದ್ದ ಸಮಾಧಾನವೂ ಹಗ್ಗದ್ದೇ:

"ಸುಮ್ಕಿರಮ್ಮ. ಕಟ್ದಲೆ ಬಿಟ್ಟ ಅಗ್ಗ ಮನುಸನ್ನ ತಿಂತೈತೆ. ನಾ ಕಣ್ಣಾರೆ ನೋಡಿವ್ನಿ."

ಅವನು ಏನು ನೋಡಿದ್ದನೋ ನಾನು ಕೇಳಲಿಲ್ಲ. ಗಣಿಯವರ ಮನೆಯ ಮಕ್ಕಳು ಅಂಥದ್ದನ್ನು ಕೇಳುವುದಿಲ್ಲ.

ಇನ್ನು ಅಮ್ಮ. ಅಮ್ಮನ ತವರು ಬೇತಮಂಗಲದ ಕೆರೆಯಂಚಿನ ಒಂದು ಹಳ್ಳಿ. ಅವಳಿಗೊಬ್ಬಳು ತಂಗಿಯಿದ್ದಳು, ಲಚ್ಚಿ. ಇಬ್ಬರೂ ಬಟ್ಟೆ ಒಗೆಯಲು ಹೋದಾಗ ಮರೆತ ಕೊಡ ತರಲು ಅಮ್ಮ ಮನೆಗೆ ಓಡಿದಳಂತೆ. ವಾಪಸು ಬಂದಾಗ ಕಲ್ಲಿನ ಮೇಲೆ ಹಿಂಡಿಟ್ಟ ಬಟ್ಟೆ ಇತ್ತು, ಲಚ್ಚಿ ಇರಲಿಲ್ಲ. ಅಷ್ಟೇ. ಇದನ್ನು ಅಮ್ಮ ನನಗೆ ಒಂದೇ ಒಂದು ಸಲ ಹೇಳಿದ್ದು, ರಾಗಿ ಬೀಸುತ್ತಾ, ನನ್ನ ಮುಖ ನೋಡದೆ. ಬಸ್ಸು ಕೆರೆಯ ಪಕ್ಕ ಹಾದುಹೋಗುವಾಗ ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕೂರುತ್ತಿದ್ದಳು, ನಾನು ಕಿಟಕಿಯಿಂದ ಅರ್ಧ ಹೊರಗಿರುತ್ತಿದ್ದೆ. ನಮ್ಮ ಲೈನಿನ ನಲ್ಲಿಗೆ ಬರುತ್ತಿದ್ದ ನೀರು ಆ ಕೆರೆಯದೇ. ಬಿಂದಿಗೆ ಬಿಂದಿಗೆ ಹೊತ್ತು ತರುತ್ತಿದ್ದಳು, ಕುಡಿಯುತ್ತಿದ್ದಳು, ಅದರಲ್ಲೇ ನನ್ನನ್ನು ಮೀಯಿಸುತ್ತಿದ್ದಳು. ಕೆರೆಯನ್ನು ಮಾತ್ರ ಕಣ್ಣೆತ್ತಿ ನೋಡುತ್ತಿರಲಿಲ್ಲ.

ಇಂಥವಳ ಮನೆಬಾಗಿಲಿಗೆ ದೋಣಿ ತಂದು ಹಾಕಿದ್ದು ಸಾಲದೆಂದು ಅಪ್ಪ ನನಗೊಂದು ಮಾತು ಕೊಟ್ಟುಬಿಟ್ಟಿದ್ದ: ದೋಣಿ ನೀರಿಗಿಳಿದ ದಿನ ಎರಡನೇ ಆಳು ನೀನೇ ಎಂದು. ನಾನು ಆಗ ಐದನೇ ಕ್ಲಾಸು. ಮಾತು ಕೊಟ್ಟ ದಿನದಿಂದ ನನಗೆ ಬೇರೆ ಯೋಚನೆಯೇ ಇಲ್ಲ. ತಿನ್ನುವಾಗ ದೋಣಿ, ಮಲಗುವಾಗ ದೋಣಿ. ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಕಜ್ಜಾಯದ ಚಿಂತೆ ಅನ್ನುತ್ತಾರಲ್ಲ, ನಮ್ಮ ಅಜ್ಜಿಯ ಚಿಂತೆ ಇನ್ನೂ ಮುಂದಿನದು. "ಇನ್ನೊಂದ್ ವರ್ಸಕ್ಕೆ ದೊಡ್ಡೋಳಾಯ್ತಾಳೆ, ಆಮ್ಯಾಕೆ ಯಾವ್ ಬೋಟು, ಯಾವ್ ಗೀಟು?" ಎಂದು ಅವಳು ಗೊಣಗಿದಾಗೆಲ್ಲ ನಾನು ಹೊರಗೆ ಓಡಿ ದೋಣಿಯ ಮೇಲೆ ಕೂರುತ್ತಿದ್ದೆ. ಈ ವರ್ಷ ಆಗದಿದ್ದರೆ ಎಂದಿಗೂ ಇಲ್ಲ ಎಂಬುದು ನನಗೆ ಅರ್ಥವಾಗಿತ್ತು.

ಜಗಳ ಬಂದಾಗ ಅಮ್ಮ ಅಪ್ಪನ ಜೊತೆ ನೇರ ಮಾತಾಡುತ್ತಿರಲಿಲ್ಲ. ನನ್ನನ್ನು ಮಧ್ಯೆ ಕೂರಿಸಿಕೊಂಡು ನನ್ನ ತಲೆಯ ಮೇಲಿಂದ ಕಳಿಸುತ್ತಿದ್ದಳು. ಮನೆಯಿದ್ದದ್ದೇ ಈ ಗೋಡೆಯಿಂದ ಆ ಗೋಡೆಗೆ ಎಂಟು ಹೆಜ್ಜೆ, ನಾನು ಬಾಯಿ ತೆರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

"ರತ್ನೀ, ನಿಮ್ಮಪ್ಪಂಗೆ ಏಳು. ದಿನಾ ಒಬ್ರುನ್ನ ಬೂಮಿ ಒಳಕ್ಕೆ ಕಳಿಸ್ತೀನಿ. ಶಿಫ್ಟ್ ಬಿಡೋಗಂಟ ಜೀವ ಕೈಯಾಗಿಡ್ಕೊಂಡು ಕೂತಿರ್ತೀನಿ. ಇನ್ನೊಬ್ರುನ್ನ ನೀರಿಗೂ ಕಳ್ಸು ಅಂದ್ರೆ ನನ್ ಕೈಲಾಗಕಿಲ್ಲ."

"ರತ್ನೀ, ನಿಮ್ಮಮ್ಮಂಗೆ ಏಳು. ನೀರಿನ್ ಮ್ಯಾಲೆ ಓಗೋದು, ನೀರಿನ್ ಒಳಕ್ಕಲ್ಲ."

"ಲಚ್ಚೀನೂ ನೀರಿನ್ ಒಳಕ್ಕೆ ಓಗ್ತೀನಿ ಅಂತ ಏಳಿ ಓಗ್ಲಿಲ್ಲ ಅಂತ ಏಳು."

ಇದಾದ ಮೇಲೆ ಅಪ್ಪ ಎದ್ದು ಹೊರಗೆ ಹೋಗಿ ದೋಣಿಯ ಪಕ್ಕ ಕೂತು ಬೀಡಿ ಹಚ್ಚುತ್ತಿದ್ದ. ನಾನು ಮಧ್ಯದಲ್ಲೇ ಉಳಿಯುತ್ತಿದ್ದೆ.

ಹೀಗೇ ಎರಡು ವರ್ಷದಲ್ಲಿ ದೋಣಿ ಸ್ವಲ್ಪ ಸ್ವಲ್ಪವಾಗಿ ತಯಾರಾಯಿತು. ಗಣಿಯೊಳಗೆ ಮರದ ಆಸರೆ ಕಟ್ಟುವ ಕೆಲಸದ ಮಾಣಿಕ್ಯಂ ಮಾಮ ನಮ್ಮ ಪಕ್ಕದ ಮನೆಯವನು. ಮೊದಲ ದಿನ "ಏನ್ ಮುನೀ, ಇದು ಬೋಟಾ, ಪನ್ನಿ ತೊಟ್ಟಿಯಾ?" ಎಂದು ಅಪ್ಪನನ್ನು ಕೇಳಿ, ಹಂದಿಗೆ ಮುಸುರೆ ಇಡುವ ತೊಟ್ಟಿಗೆ ಹೋಲಿಸಿ ಬಿದ್ದು ಬಿದ್ದು ನಕ್ಕವನೂ ಅವನೇ, ಸರ್ವೆ ಮರದ ನೀಟಾದ ಗಳುವೊಂದನ್ನು ಹೊತ್ತು ತಂದು, ತೊಗಟೆ ಹೆರೆದು, ಎಣ್ಣೆ ಕುಡಿಸಿ ಕಂಬ ಮಾಡಿಕೊಟ್ಟವನೂ ಅವನೇ. ಬಿರುಕುಗಳಿಗೆ ಡಾಂಬರು ಬಿತ್ತು. ಕಂಬವನ್ನು ನೆಟ್ಟಗೆ ಹಿಡಿದು ನಿಲ್ಲಿಸಲು ಎಡಕ್ಕೊಂದು, ಬಲಕ್ಕೊಂದು, ಮೂತಿಯ ಕಡೆಗೊಂದು ತಂತಿ ಬೇಕು. ಅವುಗಳ ತುದಿಗೆ ಕೊಂಡಿ ಹೆಣೆಯುವುದು ಸಣ್ಣ ಬೆರಳಿನ ಕೆಲಸ, ಅಪ್ಪನ ಎಡಗೈಗೆ ಆಗದ್ದು. ಹಾಗಾಗಿ ಭಾನುವಾರದ ಬೆಳಗ್ಗೆಗಳಲ್ಲಿ ಅಪ್ಪ ಉಕ್ಕಿನ ಚೂಪು ಮೊಳೆಯಿಂದ ಎಳೆಗಳ ನಡುವೆ ಸಂದು ಮಾಡಿ ಹಿಡಿಯುತ್ತಿದ್ದ, ನಾನು ಎಳೆಯನ್ನು ಆ ಸಂದಿನಲ್ಲಿ ತೂರಿಸಿ ಎಳೆಯುತ್ತಿದ್ದೆ. ಒಂದರ ಮೇಲೆ, ಒಂದರ ಕೆಳಗೆ. ಬೆರಳ ತುದಿಯಲ್ಲಿ ರಕ್ತ ಬಂದರೆ ಇಬ್ಬರೂ ಅಮ್ಮನಿಂದ ಬಚ್ಚಿಡುತ್ತಿದ್ದೆವು. ಅಂಥ ಸುಖ ನನಗೆ ಆಮೇಲೆ ಯಾವ ಕೆಲಸದಲ್ಲೂ ಸಿಗಲಿಲ್ಲ, ನಿಜವಾಗಿ ಹೇಳುತ್ತಿದ್ದೇನೆ.

ಹಾಯಿಯ ಸರದಿ ಬಂದಾಗ ಕಷ್ಟಕ್ಕಿಟ್ಟುಕೊಂಡಿತು. ಹಳೆಯದನ್ನು ಇಲಿ ತಿಂದಿತ್ತು. ಅಪ್ಪ ರಾಬರ್ಟ್‌ಸನ್‌ಪೇಟೆಯಿಂದ ದಪ್ಪನೆಯ ಬಿಳಿ ಬಟ್ಟೆ ತಂದು, ಹಳೇ ಹಾಯಿಯನ್ನು ಮೇಲಿಟ್ಟು ಅಳತೆ ಕತ್ತರಿಸಿ, ತಾನೇ ಹೊಲಿಯಲು ಕೂತ. ಅಮ್ಮ ಒಲೆಯ ಮುಂದಿನಿಂದ ಒಮ್ಮೆ ನೋಡಿದಳು. ಮುದ್ದೆ ತಿರುವಿದಳು. ಮತ್ತೆ ನೋಡಿದಳು. ಮೂರನೇ ಸಲಕ್ಕೆ ತಡೆಯಲಾಗಲಿಲ್ಲ.

"ರತ್ನೀ, ಇದೇನು ಗೋಣಿಚೀಲ ಒಲ್ದಂಗೆ ಒಲೀತಾವ್ರೆ, ಕೇಳು. ಆ ಒಲಿಗೆ ಗಾಳಿಗೆ ನಿಲ್ತದಾ? ಕೊಡಂತೇಳು ಇತ್ಲಾಗೆ."

ಕಿತ್ತುಕೊಂಡಳು. ಅಲ್ಲಿಂದ ಒಂದು ತಿಂಗಳು, ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ, ಗೋಡೆಗೊರಗಿ ಕೂತು ಅಮ್ಮ ಹಾಯಿ ಹೊಲಿದಳು. ದಾರಕ್ಕೆ ಮೇಣ ಸವರಿ, ಅಂಚು ಮಡಿಚಿ, ಒಂದು ಹೊಲಿಗೆಯ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಯಾಕಮ್ಮ ಮೂರು ಸಲ ಎಂದರೆ "ಬಟ್ಟೆ ದಪ್ಪ, ಅದ್ಕೆ" ಎಂದಳು. ನೀರಿಗೆ ನನ್ನನ್ನು ಕಳಿಸುವುದಿಲ್ಲ ಎನ್ನುವ ಮಾತು ಹಾಗೇ ಇತ್ತು, ಹೊಲಿಗೆಯೂ ನಡೆದಿತ್ತು. ಆ ವಯಸ್ಸಿನಲ್ಲಿ ನನಗದು ತಲೆಬುಡ ತಿಳಿಯಲಿಲ್ಲ.

ಹಗ್ಗದವರಲ್ಲಿ ಒಂದು ಮರ್ಯಾದೆಯಿತ್ತು. ಶಾಫ್ಟಿಗೆ, ಅಂದರೆ ಗಣಿಗಿಳಿಯುವ ಬಾವಿಗೆ, ಹೊಸ ಹಗ್ಗ ಹಾಕಿದ ದಿನ, ಹಾಕಿದವರೇ ಮೊದಲು ಕೇಜಿನಲ್ಲಿ ಕೆಳಗಿಳಿದು ಮೇಲೆ ಬರಬೇಕು. ಆಮೇಲಷ್ಟೇ ಮಿಕ್ಕ ಜನ. ಯಾರೂ ಬರೆದಿಟ್ಟ ಕಾನೂನಲ್ಲ, ಆದರೆ ಅಪ್ಪ ಒಂದು ದಿನವೂ ತಪ್ಪಿಸಿದವನಲ್ಲ. ಅಮ್ಮ ಹಿಡಿದದ್ದು ಅದನ್ನೇ. ದೋಣಿ ಸಾಗಿಸಲು ಗಾಡಿ ಗೊತ್ತು ಮಾಡಿದ ದಿನ, ನಾನು ಊಟ ಬಿಟ್ಟು ಮುಸುಕು ಹಾಕಿ ಮಲಗಿದ ಎರಡನೇ ಹೊತ್ತಿಗೆ, ಅವಳು ತೀರ್ಪು ಕೊಟ್ಟಳು.

"ಕಟ್ದೋರೇ ಮೊದ್ಲು ಒಬ್ರೇ ಕೂತ್ಕಂಡು ಓಗಿ ಬರ್ಲಿ. ಪಂಚೆ ತುದಿ ನೆನೀದಂಗೆ ದಡಕ್ಕೆ ಬಂದ್ರೆ, ಆಮ್ಯಾಕೆ ಇವ್ಳ ಮಾತು. ನೆನೀತೋ, ಆ ಬೋಟು ನಮ್ಮನೆ ಒಲೆಗೆ. ಇನ್ಯಾವತ್ತೂ ಇದ್ರ್ ಮಾತು ನನ್ ಮುಂದೆ ಎತ್ತಂಗಿಲ್ಲ, ಅಪ್ಪಾನೂ ಸೈ ಮಗ್ಳೂ ಸೈ."

ಅಪ್ಪ ಒಪ್ಪಿದ. ನಾನು ಎದ್ದು ಊಟ ಮಾಡಿದೆ. ಆಷಾಢದಲ್ಲಿ ಹೊಸದೇನೂ ಮಾಡಬಾರದು, ಶ್ರಾವಣಕ್ಕೆ ಕಾಯಿರಿ ಎಂದು ಅಜ್ಜಿ ತಡೆದಳು. ಗಾಳಿಯಿಲ್ಲದೆ ಹೋಗದ ದೋಣಿಗೆ ಆಷಾಢವೇ ಶ್ರಾವಣ ಎಂದು ಅಪ್ಪ ವಾದಿಸಿದ. ಅಜ್ಜಿ ಕೋಪಿಸಿಕೊಂಡು ಕೋಳಿಗಳ ಜೊತೆ ಮನೆಯಲ್ಲೇ ಉಳಿದಳು.

ಭಾನುವಾರ ಬೆಳಕು ಹರಿಯುವ ಮೊದಲೇ ಎತ್ತಿನ ಗಾಡಿಯ ಮೇಲೆ ದೋಣಿ ಕಟ್ಟಿದರು. ಕಟ್ಟಿದವನು ಅಪ್ಪ, ಅದನ್ನು ಬಿಚ್ಚಲು ಅಲ್ಲಿ ಅರ್ಧ ಗಂಟೆ ಹಿಡಿಯಿತು. ಅಪ್ಪ, ಅಮ್ಮ, ಮಾಣಿಕ್ಯಂ ಮಾಮ, ನಾನು. ಬುಟ್ಟಿಯಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಕೆರೆ ಕಂಡ ಕೂಡಲೇ ಅಮ್ಮ ಗಾಡಿಯಲ್ಲೇ ತಿರುಗಿ ಕೂತಳು. ದಡ ತಲುಪಿದ ಮೇಲೂ ಅಷ್ಟೇ, ಒಂದು ಹೊಂಗೆ ಮರದಡಿ ಹೋಗಿ ನೀರಿಗೆ ಬೆನ್ನು ಮಾಡಿ ಕೂತು, ರೊಟ್ಟಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡಳು. ಮಾಣಿಕ್ಯಂ ಮಾಮ ದೋಣಿಯ ಮೂತಿಗೆ ಅರಿಶಿನ ಕುಂಕುಮ ಹಚ್ಚಿ ಕರ್ಪೂರ ಬೆಳಗಿದ. ಹೊಸ ಲಾರಿಗೆ ಮಾಡುವಂತೆ ನಿಂಬೆಹಣ್ಣು ಇಡಲು ಹೋಗಿ, ಚಕ್ರ ಇಲ್ಲದ್ದನ್ನು ನೋಡಿ ತಲೆ ಕೆರೆದುಕೊಂಡು, ಕೊನೆಗೆ ಹಣ್ಣನ್ನು ದೋಣಿಯ ಹೊಟ್ಟೆಯ ಕೆಳಗೆ ಸಿಕ್ಕಿಸಿದ.

ಆಮೇಲೆ ಕೆಲಸ ಶುರುವಾಯಿತು. ಮಾಮ ಕಂಬವನ್ನು ತಬ್ಬಿ ಎತ್ತಿ ಅದರ ಗುಳಿಯಲ್ಲಿ ನಿಲ್ಲಿಸಿದ. ನಾನು ಈ ಪಕ್ಕದ ತಂತಿಯ ಕೊಂಡಿಗೂ ದೋಣಿಯ ಅಂಚಿನ ಬಳೆಗೂ ನಡುವೆ ಸಣ್ಣ ಹುರಿಯನ್ನು ನಾಲ್ಕು ಸುತ್ತು ಹಾಯಿಸಿ ಬಿಗಿದೆ, ಆ ಪಕ್ಕಕ್ಕೆ ಓಡಿ ಅದನ್ನೂ ಬಿಗಿದೆ, ಮೂತಿಯದನ್ನು ಅಪ್ಪ ಬಿಗಿದ. ಕಂಬ ಒಂದು ಕಡೆ ವಾಲಿದೆ ಅನ್ನಿಸಿದರೆ ಅಪ್ಪ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ, "ಇನ್ನೊಂದ್ ಕೂದ್ಲೆಳೆ ಎಳಿಯಮ್ಮ" ಅನ್ನುತ್ತಿದ್ದ. ಕೊನೆಗೆ ಒಂದೊಂದು ತಂತಿಯನ್ನೂ ಉಗುರಿನಿಂದ ಮೀಟಿ, ಕಿವಿಗೊಟ್ಟು ಕೇಳಿದ. ಗಣಿಯಲ್ಲೂ ಅವನು ಹಾಗೇ ಕೇಳುತ್ತಿದ್ದನಂತೆ. ಎರಡೂ ಪಕ್ಕದ ತಂತಿ ಒಂದೇ ದನಿ ಕೊಟ್ಟಾಗ ನನ್ನ ತಲೆ ಸವರಿದ. ಹಾಯಿಯ ಕೆಳಗಿನ ಅಂಚನ್ನು ಅಡ್ಡಗೋಲಿಗೆ ಕಟ್ಟಿದೆವು, ಎತ್ತುವ ಹಗ್ಗವನ್ನು ಕಂಬದ ತುದಿಯ ರಾಟೆಯಲ್ಲಿ ಹಾಯಿಸಿದೆವು. ಮಿಕ್ಕಿದ್ದು ಒಂದೇ ಹಗ್ಗ. ಅಡ್ಡಗೋಲಿನ ಹಿಂಬದಿಯಿಂದ ಇಳಿದು ಬರುವ ಅದನ್ನು ಎಳೆದರೆ ಹಾಯಿ ಒಳಗೆ ಬರುತ್ತದೆ, ಸಡಿಲ ಬಿಟ್ಟರೆ ಹೊರಗೆ ಹೋಗುತ್ತದೆ. ದೊರೆ ಅದಕ್ಕೆ ಏನನ್ನುತ್ತಿದ್ದನೋ, ಅಪ್ಪ ಲಗಾಮು ಅನ್ನುತ್ತಿದ್ದ.

ಹಾಯಿ ಮೇಲೇರಿತು. ಏರಿದ್ದೇ ತಡ, ಆಷಾಢದ ಗಾಳಿ ಅದನ್ನು ಹಿಡಿದು ಬಡಿಯತೊಡಗಿತು. ಏನು ಸದ್ದು ಅಂತೀರಿ! ಅಡ್ಡಗೋಲು ಅತ್ತ ಇತ್ತ ಹೊಡೆದುಕೊಳ್ಳುತ್ತಿದೆ, ಲಗಾಮು ಹಗ್ಗ ಚಾಟಿಯಾಗಿ ಕುಣಿಯುತ್ತಿದೆ. ಬಿಡಿಯಾಗಿ ಕುಣಿಯುವ ಹಗ್ಗವನ್ನು ಕಂಡರೆ ಅಪ್ಪನಿಗೆ ಮೈಯೆಲ್ಲ ಮುಳ್ಳು. ಒಂದೇ ನೆಗೆತಕ್ಕೆ ಅದನ್ನು ಬಾಚಿ ಹಿಡಿದು, ಬಿಗಿಯಾಗಿ ಎಳೆದು, ದೋಣಿಯ ಗೂಟಕ್ಕೆ ಸುತ್ತಿ, ತನ್ನ ಹೆಸರುವಾಸಿ ಗಂಟು ಹಾಕಿದ. ಮಾಣಿಕ್ಯಂ ಮಾಮನಿಗೆ ಯಾಕೋ ಅನುಮಾನ ಬಂತು.

"ಮುನೀ, ದೊರೆ ಅದನ್ನ ಕೈಯಿಲೇ ಪುಡ್ಚಿಕ್ಕಿನು, ಹಿಡ್ಕೊಂಡು ಇದ್ದನಲ್ಲಪ್ಪಾ? ಕಟ್ಟಿದ್ದು ನಾನು ನೋಡಿಲ್ಲೆ."

"ದೊರೇಗೆ ಗಂಟಾಕಕ್ಕೆ ಎಲ್ಲಣ್ಣ ಬತ್ತಿತ್ತು, ಪಾಪ! ಅದ್ಕೇ ಇಡೀ ದಿನ ಕೈಯಾಗೆ ಇಡ್ಕಂಡು ಒದ್ದಾಡ್ತಿದ್ದ."

ವರ್ಷಗಟ್ಟಲೆ ದಡದಲ್ಲಿ ನಿಂತು ದೊರೆಯನ್ನು ನೋಡಿದ ಅಪ್ಪ ಕಂಡುಕೊಂಡಿದ್ದ ಸತ್ಯ ಇದು. ಹಗ್ಗದ ಬಗ್ಗೆ ಅವನಿಗೆ ಗೊತ್ತಿಲ್ಲದ್ದು ಇರಲಿಲ್ಲ. ಗಾಳಿಯ ಬಗ್ಗೆ ಮಾತ್ರ ಏನೂ ಗೊತ್ತಿರಲಿಲ್ಲ. ಗಣಿಯೊಳಗೆ ಗಾಳಿಯೆಲ್ಲಿಂದ ಬರಬೇಕು? ಮಾಮ ತಲೆಯಾಡಿಸಿ ದೋಣಿಯ ಹಿಂದಕ್ಕೆ ಹೋದ. ನನಗೂ ಅಪ್ಪನ ಮಾತೇ ಸರಿ ಅನ್ನಿಸಿತು, ದೊರೆಯ ಮೇಲೆ ಕನಿಕರವೂ ಬಂತು.

ಅಪ್ಪ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ, ರುಮಾಲು ಬಿಗಿದು, ದೋಣಿಯೊಳಗೆ ಕೂತು ಚುಕ್ಕಾಣಿ ಹಿಡಿದ. ಮಾಮ ನೂಕಿದ. ದೋಣಿ ಹೊರಟೇಬಿಟ್ಟಿತು! ಹಂದಿ ತೊಟ್ಟಿ ಎನ್ನಿಸಿಕೊಂಡಿದ್ದು ನೀರನ್ನು ಸೀಳಿಕೊಂಡು, ಹೊಟ್ಟೆ ತುಂಬ ಗಾಳಿ ತುಂಬಿಕೊಂಡು ಓಡುತ್ತಿದೆ. ನಾನು ಕಿರುಚುತ್ತಾ ದಡದ ಉದ್ದಕ್ಕೂ ಓಡಿದೆ. "ಅಮ್ಮಾ ನೋಡಮ್ಮಾ, ತಿರುಗಮ್ಮಾ" ಎಂದೆ. ಅಮ್ಮ ತಿರುಗಲಿಲ್ಲ. "ಪಂಚೆ ನೆಂದಿಲ್ವಾ?" ಎಂದು ಮರದ ಕಡೆ ನೋಡುತ್ತಲೇ ಕೇಳಿದಳು. ಇಲ್ಲಮ್ಮ, ಒಂದು ಹನಿಯೂ ಇಲ್ಲ ಎಂದೆ. ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ನೀರಿನ ಮೇಲೆ ಕಪ್ಪಗೆ ಸುಕ್ಕು ಸುಕ್ಕಾಗಿ ಏನೋ ಓಡಿ ಬಂತು. ಬಿರುಗಾಳಿಯ ಒಂದು ಹೊಡೆತ. ಹಾಯಿ ಸಡಿಲವಾಗಿದ್ದರೆ ಗಾಳಿ ಹಾದುಹೋಗುತ್ತಿತ್ತು. ಅದು ಅಪ್ಪನ ಗಂಟಿನಲ್ಲಿತ್ತು. ದೋಣಿ ಒಂದು ಮಗ್ಗುಲಿಗೆ ವಾಲಿತು, ಇನ್ನೂ ವಾಲಿತು. ಅಪ್ಪ ಬಗ್ಗಿ ಗಂಟಿನ ಜೊತೆ ಗುದ್ದಾಡುವುದು ಕಂಡಿತು. ಯಮನೂ ಬಿಚ್ಚಲಾರದ ಗಂಟು ಅವನಿಗೂ ಬಿಚ್ಚಲಿಲ್ಲ. ಬಿಳೀ ಹಾಯಿ ನಿಧಾನಕ್ಕೆ ನೀರಿನ ಮೇಲೆ ಮಲಗಿತು.

"ಮುನೆಂಕಟಪ್ಪಾ!"

ಯಾರು ಕೂಗಿದ್ದೆಂದು ನಾನು ತಿರುಗಿ ನೋಡಿದೆ. ಕೂಗಿದವಳು ಅಮ್ಮ. ಗಂಡನ ಹೆಸರು ಹೇಳಿದರೆ ಆಯಸ್ಸು ಕಮ್ಮಿಯಾಗುತ್ತದೆಂದು ಆಸ್ಪತ್ರೆಯ ಚೀಟಿ ಬರೆಸುವಾಗಲೂ ನನ್ನ ಕೈಯಲ್ಲೇ ಹೇಳಿಸುತ್ತಿದ್ದವಳು. ರೊಟ್ಟಿ ಬುಟ್ಟಿ ಮಗುಚಿಬಿದ್ದಿತ್ತು. ಅವಳು ನನ್ನನ್ನು ದಾಟಿ, ಮಾಮನನ್ನು ದಾಟಿ ಓಡಿದಳು, ದಡ ಮುಗಿದದ್ದು ಅವಳಿಗೆ ಗೊತ್ತೇ ಆಗಲಿಲ್ಲ. "ಮುನೆಂಕಟಪ್ಪಾ, ಮುನೆಂಕಟಪ್ಪಾ" ಎನ್ನುತ್ತಾ ನೀರಿನಲ್ಲಿ ನಡೆದೇ ನಡೆದಳು. ನೀರು ಸೊಂಟಕ್ಕೆ ಬರುವ ಹೊತ್ತಿಗೆ ದೋಣಿಯ ಆಚೆ ಬದಿಯಿಂದ ಅಪ್ಪ ಎದ್ದು ನಿಂತ. ಎದೆಮಟ್ಟದ ನೀರು, ಅಷ್ಟೇ. ತಲೆಯ ಮೇಲೆ ಜೊಂಡು. ರುಮಾಲು ತನ್ನ ಪಾಡಿಗೆ ತಾನು ತೇಲಿಕೊಂಡು ಹೊರಟಿತ್ತು.

ಮಾಣಿಕ್ಯಂ ಮಾಮ ನಗಲು ಶುರುಮಾಡಿದವನು ಅಮ್ಮನ ಮುಖ ನೋಡಿ ನಿಲ್ಲಿಸಿದ. ನಾನಂತೂ ದಡದಲ್ಲಿ ಕುಸಿದು ಕೂತು ಹೋ ಎಂದು ಅತ್ತೆ. ಅಪ್ಪ ಬದುಕಿದನಲ್ಲ ಎಂಬ ಸಮಾಧಾನಕ್ಕಲ್ಲ. ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ, ನಾನು ಅತ್ತದ್ದು ಪಂಚೆ ನೆನೆಯಿತಲ್ಲ ಎಂದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಇಬ್ಬರು ಗಂಡಸರೂ ದೋಣಿಯನ್ನು ಎತ್ತಿ ನಿಲ್ಲಿಸಿ, ನೀರು ಮೊಗೆದು, ಮಂಡಿಯಾಳದ ನೀರಿಗೆ ಎಳೆತಂದರು. ಅಪ್ಪ ಸೊಂಟದ ಚಾಕು ತೆಗೆದು ತನ್ನ ಗಂಟನ್ನು ತಾನೇ ಕತ್ತರಿಸಿದ. ಅದನ್ನು ನೋಡುವುದಕ್ಕೆ ನನಗೇ ಸಂಕಟವಾಯಿತು. ಅಮ್ಮ ಇನ್ನೂ ನೀರಿನಲ್ಲೇ ನಿಂತಿದ್ದಳು. ಅಪ್ಪ ಅವಳ ಹತ್ತಿರ ಹೋದ. ಈ ಸಲ ನಡುವೆ ನಾನಿರಲಿಲ್ಲ.

"ಬೋಟಿನ್ ತಪ್ಪಲ್ಲ ಕಣೆ. ಅಗ್ಗದ್ದೂ ಅಲ್ಲ. ನಂದು. ಆ ಲಗಾಮ್ನ ಕಟ್ಬಾರ್ದು. ಕೈಯಾಗ್ ಇಡ್ದಿದ್ದು, ಗಾಳಿ ಜಗ್ಗಿದೇಟ್ಗೆ ಬಿಟ್ಬುಡ್ಬೇಕು. ನೀರ್ ಕುಡೀತಾ ಕುಡೀತಾ ಗೊತ್ತಾಯ್ತು. ಆದ್ರೆ ನನ್ ಕೈಲಿ ಅದಾಗಕಿಲ್ಲ. ಎಷ್ಟ್ ವರ್ಸದಿಂದ ಇಡ್ದಿರೋ ಕೈ ಇದು. ಅಗ್ಗ ಜಗ್ಗಿದ್ರೆ ಇದು ಇನ್ನೂ ಬಿಗೀತದೆ. ಬಿಡೋ ಕೈ ಬ್ಯಾರೆ ಬೇಕು."

ಅಮ್ಮ ತನ್ನ ಸುತ್ತ ನೋಡಿಕೊಂಡಳು. ತಾನು ಎಲ್ಲಿ ನಿಂತಿದ್ದೇನೆ ಎಂಬುದು ಆಗ ತಿಳಿಯಿತು ಅಂತ ಕಾಣುತ್ತದೆ. ಓಡಿಬರುತ್ತಾಳೆ ಅಂದುಕೊಂಡೆ. ಬರಲಿಲ್ಲ. ನಿಧಾನವಾಗಿ ನಡೆದು ದೋಣಿಯ ಹತ್ತಿರ ಬಂದು, ಒದ್ದೆ ಹಾಯಿಯ ಅಂಚನ್ನು ಹಿಡಿದು, ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಆಡಿಸಿಕೊಂಡು ಹೋದಳು. ಮೇಲಿನಿಂದ ಕೆಳಗಿನವರೆಗೆ.

"ಒಂದ್ ಒಲಿಗೇನೂ ಬಿಟ್ಟಿಲ್ಲ," ಎಂದಳು. ಆ ದನಿಯಲ್ಲಿ ಹೆಮ್ಮೆಯಿತ್ತು. ಆಮೇಲೆ ನನ್ನ ಕಡೆ ತಿರುಗಿದಳು. "ಅಳೋದ್ ನಿಲ್ಸು. ಆ ಲಗಾಮ್ ಅಗ್ಗ ತಕ್ಕಂಡು ಬಾ ಇಲ್ಲಿ."

ದಡದ ಮರಳಿನಲ್ಲಿ ನನ್ನನ್ನು ಕೂರಿಸಿ ಹಗ್ಗದ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದು ಹತ್ತು ಹೆಜ್ಜೆ ದೂರ ನಿಂತಳು. ಸೀರೆಯಿಂದ ನೀರು ಸುರಿಯುತ್ತಿತ್ತು. ಹಗ್ಗ ಎಳೆದು "ಬಿಡು!" ಎಂದಳು. ಬಿಟ್ಟೆ. "ತಡ ಆಯ್ತು. ಇನ್ನೊಂದ್ ಸಲ." ಎಳೆದಳು, "ಬಿಡು!" ಬಿಟ್ಟೆ. ಸುತ್ತಿಕೊಂಡಿದ್ದೆ ಎಂದು ಬೈದಳು, ಕೈಗೆ ಸುತ್ತಬಾರದು, ಸುಮ್ಮನೆ ಹಿಡಿಯಬೇಕು. ಹೀಗೆ ಎಷ್ಟು ಸಲವೋ. ಅಂಗೈ ಉರಿಯುತ್ತಿತ್ತು. ಅಪ್ಪನೂ ಮಾಮನೂ ನಿಂತು ನೋಡುತ್ತಿದ್ದರು. ಹಗ್ಗ ಹೆಣೆಯಲು ಅಪ್ಪ ಕಲಿಸಿದ, ಬಿಡಲು ಕಲಿಸಿದವಳು ಅಮ್ಮ ಎಂದು ಯಾರಿಗೆ ಹೇಳಿದರೂ, ತಿರುಗುಮುರುಗು ಹೇಳುತ್ತಿದ್ದೀಯ ಎನ್ನುತ್ತಾರೆ. ಕೊನೆಯ ಸಲ ಅವಳು ಬಾಯಿ ತೆರೆಯಲಿಲ್ಲ. ಬೇರೆಲ್ಲೋ ನೋಡುತ್ತಿದ್ದವಳು ತಟ್ಟನೆ ಜಗ್ಗಿದಳು. ಹಗ್ಗ ನನ್ನ ಕೈಯಿಂದ ಜಾರಿ ಅವಳ ಕಾಲ ಬುಡದಲ್ಲಿ ಬಿತ್ತು.

"ಯಾಕ್ ಬಿಟ್ಟೆ? ನಾ ಏಳ್ಲಿಲ್ವಲ್ಲ?"

"ಜಗ್ತು, ಬಿಟ್ಟೆ."

ಅಮ್ಮ ಹಗ್ಗವನ್ನು ಸುತ್ತಿ ಅಪ್ಪನ ಕೈಗೆ ಕೊಟ್ಟಳು. "ಒಂದ್ ತುದಿ ಕಟ್ಟು ಬೋಟಿಗೆ," ಎಂದಳು.

ನಾನು ದೋಣಿಯ ನಡುವಿನ ಹಲಗೆಯ ಮೇಲೆ ಕೂತೆ. ಒದ್ದೆ ಹಲಗೆ, ತೊಡೆಗೆ ತಣ್ಣಗೆ ತಾಕಿತು. ಅಪ್ಪ ಹಿಂದೆ ಚುಕ್ಕಾಣಿಗೆ. ಮಾಣಿಕ್ಯಂ ಮಾಮ ನೂಕಲು ಬಂದ, "ನೀ ಇರಣ್ಣಾ" ಎಂದು ಅಮ್ಮ ಅವನನ್ನು ಸರಿಸಿದಳು. ದೋಣಿಯ ಅಂಚನ್ನು ನನ್ನ ಪಕ್ಕದಲ್ಲೇ ಹಿಡಿದು ಅವಳೂ ನಮ್ಮ ಜೊತೆ ನಡೆದಳು. ನೀರು ಮಂಡಿಗೆ ಬಂತು, ಸೊಂಟಕ್ಕೆ ಬಂತು. ಸೆರಗು ಹಿಂದೆ ತೇಲುತ್ತಿತ್ತು. ಅವಳ ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದವು, ಕಣ್ಣು ನೀರಿನ ಮೇಲೇ ಇತ್ತು. ಎದೆಯವರೆಗೆ ಬಂದಾಗ ಅಪ್ಪ ಮೆಲ್ಲಗೆ ಹೇಳಿದ:

"ಸಾಕು ಕಣೆ. ಇನ್ ಮುಂದಕ್ಕೆ ಆಳ ಐತೆ."

"ಗೊತ್ತು. ನಮ್ಮೂರ್ ಕೆರೆ ಇದು, ನಿಂಗಿಂತ ನಂಗೆ ಗೊತ್ತು." ಆಮೇಲೆ ನನಗೆ ಹೇಳಿದಳು, "ಗಾಳಿ ಜಗ್ಗಿದ್ರೆ ಬಿಟ್ಬುಡು. ನಿಮ್ಮಪ್ಪ ಏನಾರ ಅನ್ನಲಿ, ಕೇಳ್ಬ್ಯಾಡ. ಬಿಟ್ಬುಡು."

ದೋಣಿಯ ಹಿಂಬದಿಗೆ ಸರಿದು, ಅದರ ಬೆನ್ನಿಗೆ ಎರಡೂ ಕೈ ಕೊಟ್ಟು, ಇದ್ದ ಶಕ್ತಿಯನ್ನೆಲ್ಲ ಹಾಕಿ ನಮ್ಮನ್ನು ನೂಕಿದಳು. ತಿರುಗಿ ಅವಳನ್ನು ನೋಡಬೇಕೆಂದು ಪ್ರಾಣ ಹೊಡೆದುಕೊಂಡಿತು. ನೋಡಲಿಲ್ಲ. ಹಾಯಿ ತುಂಬಿಕೊಂಡಿತ್ತು, ಹಗ್ಗ ನನ್ನ ಕೈಯಲ್ಲಿತ್ತು.